ಮುದುಕಿ ಒರತೆಗೆ ಕಲ್ಲಿಟ್ಟವಳು

ದೆಜಿದ್ಮಾ ಬಾಯಿ ತೆರೆದರೆ ಒಂಟೆಗಳೂ ಮೆಲುಕು ಹಾಕುವುದನ್ನು ನಿಲ್ಲಿಸಿ ಕೇಳುತ್ತವೆ ಎಂದು ನಮ್ಮ ಕಡೆ ಒಂದು ಮಾತಿತ್ತು. ಹಾಗೆ ಹೇಳುವವರೆಲ್ಲ ಒಂದಲ್ಲ ಒಂದು ಸಲ ಅವಳ ಬಾಯಿಗೆ ಸಿಕ್ಕವರೇ. ದಾರಿ ತಪ್ಪಿ ಬಂದ ಲಾರಿ ಡ್ರೈವರು, ಜಾನುವಾರು ಎಣಿಸಲು ಬಂದ ಸರ್ಕಾರಿ ಮನುಷ್ಯ, ಕುರಿಗಳಿಗೆ ಸೂಜಿ ಹಾಕಲು ಬಂದ ಹುಡುಗಿ, ಯಾರನ್ನೂ ಅವಳು ಬಿಟ್ಟದ್ದಿಲ್ಲ. ಚಹಾ ಮಾತ್ರ ಎಲ್ಲರಿಗೂ ಕೊಡುತ್ತಿದ್ದಳು. ಉಪ್ಪು ಹಾಕಿದ ಬಿಸಿ ಹಾಲಿನ ಚಹಾ, ಬಟ್ಟಲ ತುಂಬ. ಜೊತೆಗೆ ಒಣಗಿಸಿದ ಮೊಸರಿನ ಗಟ್ಟಿ ತುಂಡು. ಅದರ ಮೇಲೆ ಬೈಗುಳ. ಮನೆಗೆ ಬಂದವನನ್ನು ಚಹಾ ಕೊಡದೆ ಕಳಿಸುವುದು ಗೋಬಿ ಮರುಭೂಮಿಯಲ್ಲಿ ಹುಟ್ಟಿದವರಿಂದ ಆಗದ ಕೆಲಸ. ಬೈಯದೆ ಕಳಿಸುವುದು ದೆಜಿದ್ಮಾಳಿಂದ ಆಗದ ಕೆಲಸ.

ಅವಳು ಹುಟ್ಟಿದ್ದು, ಮದುವೆಯಾದದ್ದು, ಗಂಡನನ್ನು ಕಳೆದುಕೊಂಡದ್ದು ಎಲ್ಲ ಮುದುಕಿ ಒರತೆಯ ಮಗ್ಗುಲಲ್ಲೇ. ಮಗ್ಗುಲು ಎಂದರೆ ಕೂಗಳತೆ. ನೀರಿನ ದಡಕ್ಕೇ ಗುಡಾರ ತಂದು ಹೂಡುವ ಚಾಳಿ ನಮ್ಮಲ್ಲಿಲ್ಲ. ಮನುಷ್ಯ ಬರಬೇಕು, ನೀರು ತುಂಬಿಕೊಳ್ಳಬೇಕು, ದೂರ ಸರಿದು ಉಳಿದವರಿಗೆ ದಾರಿ ಬಿಡಬೇಕು. ಬೆಳಕು ಹರಿಯುವಾಗ ಕಾಡುಕತ್ತೆಗಳು, ಬಿಸಿಲೇರಿದ ಮೇಲೆ ದೆಜಿದ್ಮಾಳ ಒಂಟೆಗಳು, ಇಳಿಹೊತ್ತಿಗೆ ಮತ್ತೆ ಕಾಡುಕತ್ತೆಗಳು, ನಡುನಡುವೆ ಜಿಂಕೆ, ನರಿ, ಹಕ್ಕಿ. ಒರತೆಗೆ ಆ ಹೆಸರು ಯಾವ ಮುದುಕಿಯಿಂದ ಬಂತೋ ಯಾರಿಗೂ ತಿಳಿಯದು. ದೆಜಿದ್ಮಾಗೆ ಅರವತ್ತು ಹತ್ತಿರವಾದ ಮೇಲೆ ಜನ ಅದು ಅವಳದೇ ಹೆಸರು ಎಂದು ನಗುತ್ತಿದ್ದರು. ಅವಳಿಗೂ ಒಳಗೊಳಗೇ ಅದು ಇಷ್ಟವಾಗಿತ್ತು.

ಚಳಿಗಾಲದ ಗಾಳಿ ಹೊತ್ತು ತಂದ ಮರಳು ಪ್ರತಿ ವರ್ಷ ಒರತೆಯ ಕಣ್ಣನ್ನು ಮುಚ್ಚಿಬಿಡುತ್ತದೆ. ಮಂಜು ಕರಗುವ ಕಾಲಕ್ಕೆ ಯಾರಾದರೂ ಮಂಡಿಯೂರಿ ಕೂತು, ಕಬ್ಬಿಣ ಸೋಕಿಸದೆ ಬರಿಗೈಯಲ್ಲಿ ಅದನ್ನು ಬಿಡಿಸಬೇಕು. ಮೊದಲು ಅವಳ ಅಪ್ಪ ಬಿಡಿಸುತ್ತಿದ್ದ, ಅವನ ನಂತರ ಅವಳು. ಕಣ್ಣು ಬಿಟ್ಟ ನೀರಿನ ಮೊದಲ ಬೊಗಸೆ ಬಿಡಿಸಿದವರಿಗೆ. ಆ ಬೊಗಸೆ ನೀರು ಹಲ್ಲು ಜುಮ್ಮೆನಿಸುವಷ್ಟು ತಣ್ಣಗಿರುತ್ತಿತ್ತು. ವರ್ಷದಲ್ಲಿ ಆ ಒಂದು ದಿನ ದೆಜಿದ್ಮಾ ಯಾರನ್ನೂ ಬೈಯುತ್ತಿರಲಿಲ್ಲ.

ಮಕ್ಕಳಾಗಲಿಲ್ಲ ಅವಳಿಗೆ. ಬೇಸಿಗೆಯಲ್ಲಿ ಕಾಡುಕತ್ತೆಗಳ ಮರಿಗಳು ಕೋಲುಗಾಲು ಎಸೆಯುತ್ತ ತಾಯಂದಿರ ಹಿಂದೆ ನೀರಿಗೆ ಇಳಿಯುವುದನ್ನು ಗುಡಾರದ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಅವು ಅವಳವಲ್ಲ, ಅವಳ ಮಾತು ಕೇಳುವುದಿಲ್ಲ, ಹಾಲು ಕೊಡುವುದಿಲ್ಲ. ಆದರೂ ಅವು ಬಾರದ ದಿನ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಇದನ್ನು ಬಾಯಿಬಿಟ್ಟು ಯಾರಿಗೂ ಹೇಳಿದವಳಲ್ಲ.

ಅವಳು ಸಾಕಿದ ಮಗು ಎಂದರೆ ಒಂದೇ, ಗಂಡನ ತಮ್ಮ ಜುಂದುಯಿ. ಅವಳು ಮದುವೆಯಾಗುವಾಗ ಅವನಿಗೆ ಇನ್ನೂ ಹಲ್ಲು ಬೀಳುವ ವಯಸ್ಸು. ಮೂಗು ಒರೆಸಿದಳು, ಒಂಟೆ ಹತ್ತಿಸಿದಳು, ಕದ್ದು ಕೆನೆ ತಿಂದಾಗ ಬೆನ್ನಿಗೆ ಬಾರಿಸಿದಳು. ದೊಡ್ಡವನಾದ ಮೇಲೆ ಅವನು ಲಾರಿ ಓಡಿಸಲು ಪಟ್ಟಣಕ್ಕೆ ಹೋದ. ಅಣ್ಣ ಸತ್ತಾಗ ಬಂದು ಹೋದವನು ಮತ್ತೆ ಕಾಣಿಸಿಕೊಂಡದ್ದು ಆ ಒಣ ಬೇಸಿಗೆಯ ಆರಂಭದಲ್ಲಿ, ಎರಡು ಲಾರಿ ತುಂಬ ಬಿಳಿ ಗುಡಾರಗಳು, ಮಂಚಗಳು, ಡಬಡಬ ಸದ್ದಿನ ಕರೆಂಟು ಯಂತ್ರ ಹೇರಿಕೊಂಡು. ಹೆಂಡತಿ ಉಲ್ಜಿಯನ್ನೂ ಕರೆತಂದಿದ್ದ, ಅಡುಗೆಗೂ ಬಟ್ಟೆ ಒಗೆಯುವುದಕ್ಕೂ. ಗುಡಾರಗಳನ್ನು ಒರತೆಯ ದಡದಲ್ಲೇ ಸಾಲಾಗಿ ಹೂಡಿಸಿದ. ಎಲ್ಲದರ ಬಾಗಿಲೂ ನೀರಿನ ಕಡೆಗೆ.

ದೆಜಿದ್ಮಾ ಒಂಟೆಯಿಂದ ಇಳಿಯುವಷ್ಟೂ ತಾಳಲಿಲ್ಲ. ಮೇಲಿಂದಲೇ ಕೂಗಿದಳು.

"ಏನೋ ಇದು?"

"ಕ್ಯಾಂಪು, ಅತ್ತಿಗೆ."

"ಅದು ಕಾಣತ್ತೆ, ನಾನೇನು ಕುರುಡೀನಾ? ನೀರಿನ ಬಾಯಿಗೇ ತಂದು ಯಾಕೆ ತುರುಕಿದೀಯ ಅಂತ ಕೇಳ್ದೆ."

"ಬರೋರು ಕಾಡುಕತ್ತೆ ನೋಡೋಕೆ ಅಂತ್ಲೇ ಬರೋದು. ಸಮುದ್ರ ದಾಟಿ ಬರ್ತಾರೆ ಪಾಪ. ಹಾಸಿಗೆಯಿಂದ ಏಳದೇ ನೋಡ್ಬೇಕು ಅಂತ ಅವರಿಗೆ ಆಸೆ."

"ಹಾಸಿಗೆಯಿಂದ ಏಳೋಕಾಗದೋರು ಆಸ್ಪತ್ರೆಗೆ ಹೋಗ್ಲಿ. ಗೋಬಿಗೆ ಯಾಕೆ ಬರ್ತಾರೆ?"

"ಕಾಲ ಬದಲಾಗಿದೆ ಅತ್ತಿಗೆ."

"ಬದಲಾಗಿರೋದನ್ನ ಆ ಕತ್ತೆಗಳಿಗೆ ಯಾರಾದ್ರೂ ಹೇಳಿದ್ರಾ? ಇಷ್ಟು ಜನ, ಇಷ್ಟು ಗದ್ದಲ ಇರೋ ಕಡೆ ಅವು ಬರಲ್ಲ ಕಣೋ."

ಜುಂದುಯಿ ನಕ್ಕ. "ಎಲ್ಲಿಗೆ ಹೋಗ್ತವೆ? ಸುತ್ತ ಎಲ್ಲಾದ್ರೂ ಇನ್ನೊಂದು ತೊಟ್ಟು ನೀರಿದೆಯಾ? ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಬಂದೇ ಬರ್ತವೆ. ನೀವು ಒಳಗೆ ಬನ್ನಿ, ಉಲ್ಜಿ ಚಹಾ ಮಾಡ್ತಾಳೆ."

ದೆಜಿದ್ಮಾ ಅವನ ಚಹಾ ಕುಡಿಯಲಿಲ್ಲ. ಗೋಬಿಯಲ್ಲಿ ಒಬ್ಬರು ಕೊಟ್ಟ ಚಹಾವನ್ನು ಬೇಡ ಎಂದರೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಜುಂದುಯಿಯ ನಗು ಅಲ್ಲಿಗೆ ಆರಿತು. ಅವತ್ತಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ.

ಕಾಡುಕತ್ತೆಗಳು ಬಂದವು, ಇಲ್ಲವೆಂದಲ್ಲ. ದಿಣ್ಣೆಯ ಮೇಲಿನವರೆಗೆ ಬಂದು ಸಾಲಾಗಿ ನಿಂತವು. ಯಂತ್ರದ ಸದ್ದು ಕೇಳಿ ಕಿವಿ ನಿಮಿರಿಸಿದವು, ಸೋಪಿನ ವಾಸನೆಗೆ ಮೂಗು ಅರಳಿಸಿದವು, ತಿರುಗಿ ಓಡಿದವು. ಕೆಳಗೆ ಮಂಚದ ಮೇಲೆ ಕೂತವರು ದುರ್ಬೀನು ಹಿಡಿದು ಚಪ್ಪಾಳೆ ತಟ್ಟಿದರು. ಮರುದಿನವೂ ಹಾಗೇ. ಆಮೇಲೆ ದಿಣ್ಣೆಯ ಮೇಲೂ ಬರಲಿಲ್ಲ. ಒರತೆ ಬಿಟ್ಟರೆ ನೀರಿದ್ದದ್ದು ಅರ್ಧ ದಿನದ ದಾರಿಯ ಹಳೇ ಬಾವಿಯಲ್ಲಿ, ಅದನ್ನು ಸೇದಬೇಕು. ಕತ್ತೆಗೆ ಸೇದುವುದನ್ನು ಯಾರು ಕಲಿಸಿದ್ದಾರೆ? ದಿಣ್ಣೆಯ ಆಚೆ ಮರಿಯೊಂದು ಒಣ ಹುಲ್ಲಿನ ಮೇಲೆ ಕಾಲು ಚಾಚಿ ಸತ್ತು ಬಿದ್ದದ್ದನ್ನು ದೆಜಿದ್ಮಾ ಕಂಡಳು. ಹದ್ದುಗಳು ಕಣ್ಣು ಕಿತ್ತಾಗಿತ್ತು. ಅವಳು ಅಲ್ಲೇ ಕುಕ್ಕರಿಸಿ ಕೂತು ಅತ್ತಳು, ಅತ್ತದ್ದಕ್ಕೆ ತನ್ನನ್ನೇ ಬೈದುಕೊಂಡಳು, ಜುಂದುಯಿಯನ್ನು ಅದಕ್ಕಿಂತ ಹೆಚ್ಚು ಬೈದಳು. ಆ ಒರತೆಯನ್ನು ಅವನ ಕೈಯಿಂದ ಬಿಡಿಸದೆ ತಾನು ಸಾಯುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದಳು.

ಅಧಿಕಾರಿಗಳ ಹತ್ತಿರ ಹೋಗಿ ಆಗುವಂಥದ್ದೇನೂ ಇರಲಿಲ್ಲ, ಅವನ ಹತ್ತಿರ ಠಸ್ಸೆ ಒತ್ತಿದ ಕಾಗದ ಇತ್ತು. ಹಾಗಾಗಿ ತನಗೆ ತಿಳಿದ ರೀತಿಯಲ್ಲೇ ಜಗಳ ಆಡಿದಳು. ನಡುಮಧ್ಯಾಹ್ನ ತನ್ನ ಒಂಟೆಗಳನ್ನೆಲ್ಲ ಕ್ಯಾಂಪಿನ ನಡುವೆಯೇ ಅಟ್ಟಿಕೊಂಡು ಬಂದು ನೀರು ಕುಡಿಸುತ್ತಿದ್ದಳು. ಒಂಟೆಗಳು ಬಿಳಿ ಗುಡಾರಕ್ಕೆ ಬೆನ್ನು ತಿಕ್ಕಿಕೊಂಡವು, ಒಗೆದು ಹರವಿದ ಹೊದಿಕೆಗಳ ಮೇಲೆ ಉಚ್ಚೆ ಹೊಯ್ದವು. ಒಂದು ಗಡವ ಒಂಟೆ ದೂರದೇಶದ ಹೆಂಗಸೊಬ್ಬಳ ಟೊಪ್ಪಿ ತಿಂದುಹಾಕಿತು. ಆ ಹೆಂಗಸು ಸಿಟ್ಟಾಗುವ ಬದಲು ಖುಷಿಯಿಂದ ಫೋಟೋ ತೆಗೆದಳು. ಜುಂದುಯಿ ಅದನ್ನೂ ತನ್ನ ಕ್ಯಾಂಪಿನ ಆಕರ್ಷಣೆಗೆ ಸೇರಿಸಿಕೊಂಡ. ಮುಂದಿನ ತಂಡ ಬಂದು ಅವಳನ್ನೇ ಹುಡುಕಿತು, "ಬೈಯೋ ಅಜ್ಜಿ ಎಲ್ಲಿ?" ಎಂದು. ದೆಜಿದ್ಮಾಗೆ ಮೈಯೆಲ್ಲ ಉರಿಯಿತು.

ಆಗ ಅವಳಿಗೆ ಹೊಳೆದದ್ದು ಕವಲುದಾರಿ.

ಪಟ್ಟಣದ ಕಡೆಯಿಂದ ಬರುವ ಗಾಡಿಜಾಡು ಒಂದು ಕಡೆ ಎರಡಾಗುತ್ತದೆ. ಎಡದ್ದು ಒರತೆಗೆ ಬರುತ್ತದೆ, ಬಲದ್ದು ಕಲ್ಲುಚೂರಿನ ಬಯಲಿಗೆ ಹೋಗಿ ಎಲ್ಲೂ ಮುಟ್ಟದೆ ಮಾಯವಾಗುತ್ತದೆ. ಹೊಸ ಡ್ರೈವರುಗಳಿಗೆ ಇಂಥ ಕಡೆ ಒಂದೇ ಆಧಾರ. ಯಾವ ಜಾಡಿನ ಬದಿಗೆ ಓವೋ ಇದೆಯೋ ಅದೇ ದಾರಿ. ಓವೋ ಎಂದರೆ ದಾರಿಹೋಕರು ಒಂದೊಂದೇ ಕಲ್ಲಿಟ್ಟು ಬೆಳೆಸಿದ ಗುಪ್ಪೆ. ಕಂಡವರು ಗಾಡಿ ಇಳಿಯಬೇಕು, ಒಂದು ಕಲ್ಲಿಡಬೇಕು, ಬಲಕ್ಕೆ ಮೂರು ಸುತ್ತು ಬರಬೇಕು. ದಾರಿ ಬದಿಯದಾದರೆ ಗಂಡು ಹೆಣ್ಣು ಭೇದವಿಲ್ಲ. ಲಾಮಾ ಬಂದು ಕಂಬ ನೆಟ್ಟು ಮಂತ್ರ ಓದಿದ ದೊಡ್ಡ ಓವೋಗಳ ಮಾತು ಬೇರೆ, ಅಲ್ಲಿ ಹೆಂಗಸರು ಗಡಿಯಾಚೆ ನಿಂತೇ ಕೈಮುಗಿಯಬೇಕು. ಚಿಕ್ಕದಾಗಲಿ ದೊಡ್ಡದಾಗಲಿ, ಓವೋದಿಂದ ಒಂದು ಕಲ್ಲು ತೆಗೆದವನ ವಂಶ ಉದ್ಧಾರವಾದದ್ದು ಯಾರೂ ಕಂಡಿಲ್ಲ.

ದೆಜಿದ್ಮಾ ಬಲದ ಜಾಡಿನ ಬದಿಗೆ ಸುಳ್ಳು ಓವೋ ಕಟ್ಟಿದಳು. ಕೆಲವು ಮಧ್ಯಾಹ್ನ ಒಂಟೆಯ ಮೇಲೆ ಕಲ್ಲು ಹೇರಿ ತಂದು ಮೊಣಕಾಲೆತ್ತರಕ್ಕೆ ಪೇರಿಸಿದಳು. ಗಂಡನ ಪೆಟ್ಟಿಗೆಯಲ್ಲಿದ್ದ ಹಳೇ ನೀಲಿ ರೇಷ್ಮೆ ಪಟ್ಟಿಯನ್ನು ಮೇಲೆ ಕಟ್ಟಿದಳು, ಇಲಿ ಕಡಿದ ಮೂಲೆ ಒಳಗೆ ಸೇರುವ ಹಾಗೆ. ದೇವರ ಹೆಸರಿನಲ್ಲಿ ಮೋಸ ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು, ಭಯವೂ ಆಗಿತ್ತು. ಆದರೆ ಸಿಟ್ಟು ಭಯಕ್ಕಿಂತ ದೊಡ್ಡದಿತ್ತು.

ಮೊದಲ ಗಾಡಿ ಅಚ್ಚುಕಟ್ಟಾಗಿ ಮೋಸಹೋಯಿತು. ಬಯಲಲ್ಲಿ ಇಡೀ ದಿನ ಸುತ್ತಿ, ಟೈರು ಹರಿದುಕೊಂಡು, ಧೂಳು ತಿಂದು ಕ್ಯಾಂಪು ಮುಟ್ಟಿದವರು ಜುಂದುಯಿಯ ಮೇಲೆ ಕೂಗಾಡಿದ್ದು ದೆಜಿದ್ಮಾಳ ಗುಡಾರದವರೆಗೂ ಕೇಳಿಸಿತು. ಅವಳು ಅವತ್ತು ಮಾಂಸದ ಸಾರು ಮಾಡಿಕೊಂಡು ಎರಡು ಬಟ್ಟಲು ಕುಡಿದಳು.

ಎರಡನೆಯ ಗಾಡಿಯೂ ತಪ್ಪಿತು, ಮೂರನೆಯದೂ ತಪ್ಪಿತು. ಆದರೆ ಮೂರನೆಯದರಲ್ಲಿ ಬಂದವರು ಕೂಗಾಡಲಿಲ್ಲ, ಕುಣಿದಾಡಿದರು. ಕಲ್ಲುಬಯಲಿನ ಕೊನೆಯಲ್ಲಿ ಒಂದು ಒಣ ಹಳ್ಳವಿದೆ. ಒರತೆ ಬಿಟ್ಟ ಕಾಡುಕತ್ತೆಗಳು ಅಲ್ಲಿ ಗೊರಸಿನಿಂದ ಮರಳು ಕೆದರಿ, ಗುಂಡಿ ತೋಡಿ, ಅಡಿಯಲ್ಲಿ ಒಸರುವ ನೀರನ್ನು ಹೀರಿ ಹೇಗೋ ಜೀವ ಹಿಡಿದುಕೊಂಡಿದ್ದವು. ಅದು ಯಾರಿಗೂ ಗೊತ್ತಿರಲಿಲ್ಲ, ದೆಜಿದ್ಮಾಗೂ. ಅಡಗಿಕೊಂಡಿದ್ದ ಜೀವಗಳ ಕಡೆಗೆ ಕೈಹಿಡಿದು ದಾರಿ ತೋರಿಸಿದ್ದು ಅವಳ ಸುಳ್ಳು ಕಲ್ಲುಗಳು.

ಜುಂದುಯಿಗೆ ಹಬ್ಬವಾಯಿತು. ದಿನಕ್ಕೆ ಎರಡು ಸಲ ಗಾಡಿಗಳು ಹಳ್ಳಕ್ಕೆ ಹೊರಟವು. ಗುಂಡಿಗಳ ಸುತ್ತ ಗಾಡಿ ನಿಲ್ಲಿಸಿ, ಮೇಲೆ ಹತ್ತಿ ಕೂತು ನೋಡುವುದು. "ದೇವರೇ ಓವೋ ಎಬ್ಬಿಸಿ ದಾರಿ ತೋರಿಸಿದ" ಎಂದು ಅವನು ಎಲ್ಲರಿಗೂ ಹೇಳಿಕೊಂಡು ಬಂದ.

ಸುದ್ದಿ ಕೇಳಿದ ದಿನ ದೆಜಿದ್ಮಾ ಒಂಟೆ ಹತ್ತಿ ಕವಲಿಗೆ ಹೋದಳು, ತಾನು ಕಟ್ಟಿದ್ದನ್ನು ತಾನೇ ಕೆಡವಲು. ಹೋಗಿ ನೋಡಿದರೆ ಗುಪ್ಪೆ ಅವಳ ಎದೆಯೆತ್ತರ ಬೆಳೆದಿತ್ತು. ತುಂಬ ನೀಲಿ ಪಟ್ಟಿಗಳು. ಹಾಲು ಚೆಲ್ಲಿದ ಕಲೆ, ಸಕ್ಕರೆ ಮಿಠಾಯಿ, ಕಾಲು ನೆಟ್ಟಗಾದ ಯಾರೋ ಬಿಟ್ಟುಹೋದ ಊರುಗೋಲು, ಅಪಘಾತದಲ್ಲಿ ಉಳಿದುಕೊಂಡ ಯಾರೋ ಇಟ್ಟ ಗಾಡಿಯ ಚಕ್ರ. ಅವಳು ಕಣ್ಣು ಮುಚ್ಚಿ ಮೇಲಿನ ಒಂದು ಕಲ್ಲನ್ನು ಕೈಗೆತ್ತಿಕೊಂಡಳು. ಅಷ್ಟರಲ್ಲಿ ಹಿಂದೆ ಗಾಡಿಗಳು ನಿಂತ ಸದ್ದಾಯಿತು. ಜುಂದುಯಿ ಇಳಿದು ಬಂದ, ಅವನ ಹಿಂದೆ ಡ್ರೈವರುಗಳು, ಅವರ ಹಿಂದೆ ದುರ್ಬೀನಿನವರು.

"ಏನತ್ತಿಗೆ, ಓವೋದ ಕಲ್ಲು ತೆಗೀತಿದೀರಾ?"

"ಇದು ಓವೋ ಅಲ್ಲ ಕಣೋ. ನಾನು ಕಟ್ಟಿದ್ದು. ನಿನ್ನ ಗಾಡಿ ದಾರಿ ತಪ್ಪಿ ಹಾಳಾಗಿ ಹೋಗ್ಲಿ ಅಂತ ಹೊಟ್ಟೆಕಿಚ್ಚಿಗೆ ಕಟ್ಟಿದ್ದು. ಆ ಪಟ್ಟಿ ನೋಡು, ನಿಮ್ಮಣ್ಣನ ಪೆಟ್ಟಿಗೇದು. ಇಲಿ ಕಡಿದ ಮೂಲೆ ಒಳಗಿದೆ, ಬಿಚ್ಚಿ ನೋಡು."

ಡ್ರೈವರುಗಳು ಮುಖ ಮುಖ ನೋಡಿಕೊಂಡರು. ಎಲ್ಲರಿಗಿಂತ ಹಿರಿಯ ಡ್ರೈವರ್ ಟೊಪ್ಪಿ ತೆಗೆದು ಕೈಯಲ್ಲಿ ತಿರುವತೊಡಗಿದ. ಜುಂದುಯಿ ಹತ್ತಿರ ಹೋಗಿ ಪಟ್ಟಿಯ ಮಡಿಕೆ ಬಿಡಿಸಿ ಇಲಿ ಕಡಿದ ಮೂಲೆಯನ್ನು ನೋಡಿದ. ಅಣ್ಣನ ಪಟ್ಟಿ ಅವನಿಗೂ ಗುರುತಿತ್ತು. ಮತ್ತೆ ಅದನ್ನು ಮೊದಲಿನ ಹಾಗೇ ಮಡಿಸಿಟ್ಟ.

"ಮೊದಲನೇ ಕಲ್ಲು ಯಾರೋ ಒಬ್ಬರು ಇಡಲೇಬೇಕಲ್ಲ ಅತ್ತಿಗೆ," ಎಂದ. "ಸಿಟ್ಟಲ್ಲಿ ಇಟ್ರೋ ಭಕ್ತೀಲಿ ಇಟ್ರೋ, ಕಲ್ಲಿಗೇನು ಗೊತ್ತು? ಎರಡನೇ ಕಲ್ಲು ಬಿತ್ತು ಅಂದ್ರೆ ಅದು ನಿಮ್ಮದಲ್ಲ. ಕೈಲಿರೋದನ್ನ ವಾಪಸ್ ಇಡಿ."

"ಇಡಲ್ಲ."

"ಇಡಿ ಅಜ್ಜಿ," ಎಂದ ಹಿರಿಯ ಡ್ರೈವರ್. ಅವನ ದನಿಯಲ್ಲಿ ಹೆದರಿಕೆ ಇತ್ತು. "ನಮ್ಮ ಮಕ್ಕಳೂ ಇದೇ ದಾರೀಲಿ ಓಡಾಡ್ತಾರೆ."

ದೆಜಿದ್ಮಾ ಕಲ್ಲನ್ನು ಇಟ್ಟಳು. ಮೂರು ಸುತ್ತೂ ಬಂದಳು, ಅಷ್ಟು ಜನ ನೋಡುತ್ತಿರುವಾಗ ಬೇರೆ ದಾರಿ ಇರಲಿಲ್ಲ. ಪ್ರತಿ ಸುತ್ತಿನಲ್ಲೂ ಜುಂದುಯಿಯ ಮುಖ ಎದುರಾಗುತ್ತಿತ್ತು, ಪ್ರತಿ ಸುತ್ತಿನಲ್ಲೂ ಅವನು ನಗುತ್ತಿದ್ದ. ಈ ಮುಖದ ಮೂಗನ್ನು ಇದೇ ಕೈಯಿಂದ ಒರೆಸಿದೆನಲ್ಲಾ ಎಂದು ಅವಳಿಗೆ ಕೈ ಕತ್ತರಿಸಿಕೊಳ್ಳುವಷ್ಟು ಅಸಹ್ಯವಾಯಿತು. ಯಾರನ್ನೋ ಕೆಡವಲು ತೋಡಿದ ಗುಂಡಿ, ತಾನೇ ಬಿದ್ದದ್ದು. ಹಾಳಾದ ಕತ್ತೆಗಳನ್ನೂ ಜೊತೆಗೆ ಬೀಳಿಸಿದ್ದು.

ಮನೆಗೆ ಮರಳುವ ದಾರಿಯುದ್ದಕ್ಕೂ ಜುಂದುಯಿಯ ಮಾತು ಕಿವಿಯಲ್ಲಿ ಕುಟುಕಿತು. ಎರಡನೇ ಕಲ್ಲು ಬಿತ್ತು ಅಂದ್ರೆ ಅದು ನಿಮ್ಮದಲ್ಲ. ಗುಡಾರ ಕಾಣುವ ಹೊತ್ತಿಗೆ ಅವಳು ಒಂಟೆಯನ್ನು ನಿಲ್ಲಿಸಿದಳು. ಹೌದಲ್ಲ! ನನ್ನದಲ್ಲ ಎಂದರೆ ನಿನ್ನದೂ ಅಲ್ಲವಲ್ಲ, ಮೈದುನಾ. ಓವೋದ ಮಗ್ಗುಲಲ್ಲಿ ಗುಡಾರ ಹೂಡುವ ಹಾಗಿಲ್ಲ, ಕುರಿ ಕಡಿಯುವ ಹಾಗಿಲ್ಲ, ಸೋಪಿನ ನೀರು ಚೆಲ್ಲುವ ಹಾಗಿಲ್ಲ, ಕಕ್ಕಸು ಕಟ್ಟುವ ಹಾಗಂತೂ ಮೊದಲೇ ಇಲ್ಲ.

ಮರುದಿನ ನಡುಹಗಲು, ಕ್ಯಾಂಪಿನವರೆಲ್ಲ ಕುರ್ಚಿ ಹಾಕಿಕೊಂಡು ಕೂತಿರುವಾಗ ದೆಜಿದ್ಮಾ ಒಂದು ಕಲ್ಲು ತಂದು ಒರತೆಯ ದಡದಲ್ಲಿಟ್ಟಳು. ಮೂರು ಸುತ್ತು ಬಂದಳು. ಜುಂದುಯಿಗೆ ತಕ್ಷಣ ಅರ್ಥವಾಯಿತು. ಬಂದವನೇ ಕಾಲಿನಿಂದ ಒದ್ದ. ಕಲ್ಲು ನೀರಿಗೆ ಬಿತ್ತು.

"ಅತ್ತಿಗೆ, ನೆಟ್ಟಗೆ ಮನೆಗೆ ಹೋಗಿ."

"ಒದಿ, ಒದಿ. ಕಾಲು ಗಟ್ಟಿ ಇರೋವರೆಗೂ ಒದಿ."

ಮರುದಿನ ಮತ್ತೆ ತಂದಳು. ಅವನು ಮತ್ತೆ ಒದ್ದ. ಒಬ್ಬರೇ ಇಟ್ಟ ಕಲ್ಲು ಇನ್ನೂ ಬರೀ ಕಲ್ಲು, ಒದ್ದರೆ ದೋಷವಿಲ್ಲ, ಇಬ್ಬರಿಗೂ ಗೊತ್ತಿತ್ತು. ಈ ಆಟ ಎಷ್ಟೋ ದಿನ ನಡೆಯಿತು. ದೂರದೇಶದವರು ಇದು ಇಲ್ಲಿಯ ಒಂದು ಆಚರಣೆ ಎಂದುಕೊಂಡು ಫೋಟೋ ತೆಗೆದರು. ದೆಜಿದ್ಮಾಳ ಬೆನ್ನು ಬಗ್ಗಿತು, ಬಾಯಿ ಬಗ್ಗಲಿಲ್ಲ.

ಒಂದು ದಿನ ಅವಳು ಕಲ್ಲಿಟ್ಟು ಸುತ್ತು ಮುಗಿಸುವ ಹೊತ್ತಿಗೆ ಉಲ್ಜಿ ಎರಡು ಬಕೆಟ್ ಹಿಡಿದು ನೀರಿಗೆ ಬಂದಳು. ಆ ಹೆಂಗಸು ಗಂಡನ ಮುಂದೆ ದನಿ ಎತ್ತಿದ್ದನ್ನು ಕೇಳಿದವರಿಲ್ಲ. ಒರತೆಯಲ್ಲಿ ಕೊಳೆ ಬಟ್ಟೆ ಒಗೆದು ಒಗೆದು ಅವಳ ಕೈ ಮಾತ್ರವಲ್ಲ, ಮನಸ್ಸೂ ಒಡೆದಿತ್ತು. ಅವಳೂ ಕುರಿ ಕಾಯುವವರ ಮಗಳೇ, ಹರಿಯುವ ನೀರಿಗೆ ಕೊಳೆ ಬಿಡುವವರನ್ನು ಏನೆನ್ನುತ್ತಾರೆಂದು ಕೇಳಿ ಬೆಳೆದವಳು. ಬಕೆಟ್ ಕೆಳಗಿಟ್ಟಳು. ನೀರಿಗೆ ಕೈ ಹಾಕಿ, ಗಂಡ ಹಿಂದೆ ಒದ್ದಿದ್ದ ಕಲ್ಲುಗಳಲ್ಲೊಂದನ್ನು ಎತ್ತಿ, ಉದ್ದಂಗಿಯ ತೋಳಲ್ಲಿ ಒರೆಸಿ, ದೆಜಿದ್ಮಾಳ ಕಲ್ಲಿನ ಮೇಲಿಟ್ಟಳು. ಸುತ್ತು ಬರತೊಡಗಿದಳು.

"ಉಲ್ಜೀ! ತಲೆ ಕೆಟ್ಟಿದೆಯೇನೇ?" ಜುಂದುಯಿ ಓಡಿಬಂದ.

ಉಲ್ಜಿ ಅವನತ್ತ ನೋಡಲಿಲ್ಲ. ಮೂರೂ ಸುತ್ತು ಮುಗಿಸಿ, ಬಕೆಟ್ ಎತ್ತಿಕೊಂಡು, "ಅಕ್ಕ ಇಟ್ಟಿದ್ರು, ನಾನೂ ಇಟ್ಟೆ," ಎಂದಳು, ಅಷ್ಟೇ.

ಜುಂದುಯಿ ಕಾಲೆತ್ತಿದ. ಎತ್ತಿದ ಕಾಲು ಹಾಗೇ ನಿಂತಿತು. ಹಿರಿಯ ಡ್ರೈವರ್ ಗಾಡಿ ತೊಳೆಯುತ್ತಿದ್ದವನು ಎದ್ದು ಬಂದಿದ್ದ.

"ಎರಡನೇ ಕಲ್ಲು ಬಿತ್ತಲ್ಲ ಜುಂದುಯಿ. ನೀನೇ ಹೇಳಿದ್ದು."

ಅವನೂ ಒಂದು ಕಲ್ಲಿಟ್ಟ. ಉಳಿದ ಡ್ರೈವರುಗಳು ಒಬ್ಬೊಬ್ಬರಾಗಿ ಬಂದು ಇಟ್ಟರು. ಕೊನೆಗೆ ಎಲ್ಲರೂ ತಿರುಗಿ ಜುಂದುಯಿಯನ್ನೇ ನೋಡಿದರು. ಅವನು ಟೊಪ್ಪಿ ತೆಗೆದು, ಕಲ್ಲಿಟ್ಟು, ಸುತ್ತು ಬಂದ. ಪ್ರತಿ ಸುತ್ತಿನಲ್ಲೂ ದೆಜಿದ್ಮಾಳ ಮುಖ ಎದುರಾಗುತ್ತಿತ್ತು. ಈ ಸಲ ನಗುವ ಸರದಿ ಅವಳದ್ದು. ಅವಳು ಏನೂ ಕಡಿಮೆ ಮಾಡದೆ, ಇದ್ದಬದ್ದ ಹಲ್ಲನ್ನೆಲ್ಲ ತೋರಿಸಿ ನಕ್ಕಳು.

ಒಂದು ವಾರ ಕಳೆಯುವುದರೊಳಗೆ ಬಿಳಿ ಗುಡಾರಗಳು ದಿಣ್ಣೆಯಾಚೆ, ಕೂಗಳತೆಗಿಂತ ಎಷ್ಟೋ ದೂರಕ್ಕೆ ಹೋದವು. ಕ್ಯಾಂಪಿಗೆ ಬಂದವರು ದೂರದಿಂದ ದುರ್ಬೀನಿನಲ್ಲೇ ನೋಡಬೇಕಾಯಿತು. ಕಲ್ಲುಬಯಲಿನ ಹಳ್ಳಕ್ಕೆ ಗಾಡಿ ಹೋಗುವುದೂ ನಿಂತಿತು, ಅಷ್ಟು ಹೊತ್ತಿಗೆ ಗಾಡಿಗಳಿಗೆ ಹೆದರಿ ಕತ್ತೆಗಳು ಅಲ್ಲಿಂದಲೂ ಓಡಿಹೋಗಿದ್ದವು. ಎಲೆ ಉದುರುವ ಕಾಲಕ್ಕೆ ಕಾಡುಕತ್ತೆಗಳು ಹೆದರಿ ಹೆದರಿ ಒರತೆಗೆ ಇಳಿದವು. ದೆಜಿದ್ಮಾ ಬಾಗಿಲಲ್ಲಿ ಕೂತು ನೋಡಿ, "ಬಂದ್ರಾ ಹಾಳು ಮುಖದೋರು," ಎಂದು ಸಂತೋಷದಿಂದ ಬೈದಳು.

ಸೋತವನು ಸುಮ್ಮನಿರುವ ಜಾತಿಯಲ್ಲ ಜುಂದುಯಿ. ಕೆನೆ ಕದ್ದು ಬಾರಿಸಿಕೊಂಡ ದಿನವೇ ಮರಳಿ ಕದಿಯುತ್ತಿದ್ದವನು. ಮೊದಲ ಹಿಮ ಬೀಳುವ ಮುಂಚೆ ಅವನು ಪಟ್ಟಣದಿಂದ ಲಾಮಾನನ್ನು ಕರೆತಂದ. ಸುತ್ತಲಿನ ಕುರುಬರನ್ನೆಲ್ಲ ಕರೆಸಿದ. ಸ್ವಂತ ಖರ್ಚಿನಲ್ಲಿ ಕುರಿಗಳನ್ನು ದೂರದಲ್ಲಿ ಕಡಿಸಿ ಎಲ್ಲರಿಗೂ ಊಟ ಹಾಕಿಸಿದ. ಒರತೆಯ ಓವೋಗೆ ಕಂಬ ನೆಡಿಸಿದ, ಅಡಿಯಲ್ಲಿ ಮಂತ್ರದ ಗಂಟು ಹೂಳಿಸಿದ. ಲಾಮಾ ದಿನವಿಡೀ ಓದಿದ. ಹೊತ್ತು ಇಳಿಯುವಾಗ ಒರತೆ, ದಡ, ಸುತ್ತಲ ಜವುಗು ಎಲ್ಲ ಸೇರಿಸಿ ಬಿಳಿ ಕಲ್ಲಿನ ಗಡಿ ಎಳೆಸಲಾಯಿತು. ಓವೋದ ಯಜಮಾನ ಜುಂದುಯಿ. ಒಳಗೆ ಗುಡಾರವಿಲ್ಲ, ಕಬ್ಬಿಣವಿಲ್ಲ, ಕೊಳೆಯಿಲ್ಲ. ಹೆಂಗಸರು ಬಿಳಿ ಕಲ್ಲಿನಾಚೆ.

ಗಂಡಸರೆಲ್ಲ ಒಪ್ಪಿ ತಲೆಯಾಡಿಸಿದರು. ಕಂಬ ನೆಟ್ಟ ಓವೋಗೆ ಇರುವ ಕಟ್ಟಳೆ ಇದು, ಹೊಸದೇನಲ್ಲವಲ್ಲ. ಜುಂದುಯಿ ಬಿಳಿ ಕಲ್ಲಿನ ಒಳಗಿನಿಂದ ಅತ್ತಿಗೆಯನ್ನು ನೋಡಿದ.

"ದೊಡ್ಡ ಪುಣ್ಯ ಕಟ್ಕೊಂಡ್ರಿ ಅತ್ತಿಗೆ. ಮೊದಲನೇ ಕಲ್ಲು ನಿಮ್ಮದೇ ಅಂತ ಲಾಮಾಗೆ ಹೇಳಿದೀನಿ."

ತನ್ನ ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡುವುದು ಎಂದರೆ ಇದೇ. ಅವನ ಕ್ಯಾಂಪಿಗೆ ನೀರು ಹೊರುತ್ತಿದ್ದವಳು ಅವನ ಹೆಂಡತಿ, ಈಗ ಆ ಬಕೆಟ್ಟುಗಳನ್ನು ಅವನೇ ಹೊರಬೇಕು. ಅವನಿಗೆ ಅದು ಲೆಕ್ಕಕ್ಕೆ ಬರಲಿಲ್ಲ. ದೆಜಿದ್ಮಾ ಏನೂ ಹೇಳಲಿಲ್ಲ. ಅವಳ ಬಾಯಿಯಿಂದ ಮಾತು ಹೊರಡದ್ದನ್ನು ಆ ಸೀಮೆಯ ಜನ ಕಂಡದ್ದು ಅದೇ ಮೊದಲು. ಹೆಂಗಸರ ಸಾಲಿನಲ್ಲಿ ಅವಳ ಪಕ್ಕ ಉಲ್ಜಿ ನಿಂತಿದ್ದಳು.

"ಎರಡನೇದು ನಾನೇ ಇಟ್ಟೆನಲ್ಲಾ ಅಕ್ಕಾ," ಎಂದಳು, ಅಳು ನುಂಗುತ್ತ.

"ಅಳಬೇಡ್ವೇ. ಅವನು ನೋಡ್ತಿದಾನೆ."

ಆ ಚಳಿಗಾಲ ದೆಜಿದ್ಮಾ ಗುಡಾರ ಕಿತ್ತು ಹಳೇ ಬಾವಿಯ ಕಡೆಗೆ ಹೋದಳು. ಒಂಟೆಗಳಿಗೆಲ್ಲ ಹಗ್ಗ ಹಾಕಿ ಸೇದಿ ಕುಡಿಸಬೇಕು. ಅಂಗೈ ಒಡೆದು ಹಗ್ಗಕ್ಕೆ ರಕ್ತ ಮೆತ್ತಿಕೊಳ್ಳುತ್ತಿತ್ತು. ಪ್ರತಿ ಬಕೆಟ್ಟಿಗೂ ಜುಂದುಯಿಯ ಹೆಸರು ಹಿಡಿದು ಒಂದು ಬೈಗುಳ ಮೇಲೆ ಬರುತ್ತಿತ್ತು. ತಾನು ಹುಟ್ಟಿ ಬೆಳೆದ ನೀರು ಅರ್ಧ ದಿನದ ದಾರಿಯಲ್ಲೇ ಇದ್ದೂ ಮುಟ್ಟುವಂತಿಲ್ಲ ಎನ್ನುವುದು ಅವಳಿಗೆ ಗಂಡ ಸತ್ತದ್ದಕ್ಕಿಂತ ದೊಡ್ಡ ನೋವಾಗಿತ್ತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಿತ್ತು.

ಮಂಜು ಕರಗಿತು. ಗಾಳಿ ಆ ವರ್ಷ ವಿಪರೀತ ಮರಳು ತಂದು ಒರತೆಯನ್ನು ಪೂರ್ತಿ ಮುಚ್ಚಿತ್ತು. ಗಡಿಯೊಳಗೆ ಕೈ ಹಾಕಬೇಕಾದವನು ಯಜಮಾನ. ಜುಂದುಯಿ ಮಂಡಿಯೂರಿ ಬೆಳಗಿನಿಂದ ತೋಡಿದ. ಅಲ್ಲಿ ತೋಡಿದ, ಇಲ್ಲಿ ತೋಡಿದ, ಬರೀ ಒದ್ದೆ ಮರಳು. ನೋಡಲು ಸೇರಿದ ಗಂಡಸರು ಒಬ್ಬೊಬ್ಬರು ಒಂದೊಂದು ಜಾಗ ತೋರಿಸಿದರು. ಒರತೆ ಬತ್ತಿತೆಂದರೆ ಓವೋದ ಯಜಮಾನನಿಗೆ ಆ ಸೀಮೆಯಲ್ಲಿ ಮುಖ ಎತ್ತಿ ನಡೆಯುವಂತಿಲ್ಲ. ದೈವಕ್ಕೇ ಬೇಡವಾದವನು ಎನ್ನುತ್ತಾರೆ.

ದೆಜಿದ್ಮಾ ಬಿಳಿ ಕಲ್ಲಿನಾಚೆ ಒಂಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಇಷ್ಟು ಚೆನ್ನಾದ ಸೇಡು ಇನ್ನೊಂದು ಸಿಗದು. ಬಾಯಿ ಮುಚ್ಚಿಕೊಂಡು ಕೂತರೆ ಸಾಕು, ಸಂಜೆಗೆ ಜುಂದುಯಿ ನಾಶ. ಅವಳು ಬಾಯಿ ಮುಚ್ಚಿಕೊಂಡೇ ಕೂತಳು. ಹೊತ್ತು ಏರಿತು, ಹೊತ್ತು ಇಳಿಯಿತು. ಆಗ ದಿಣ್ಣೆಯ ಮೇಲೆ ಕಾಡುಕತ್ತೆಗಳು ಬಂದು ಸಾಲಾಗಿ ನಿಂತವು.

"ಲೋ ಮುಠ್ಠಾಳ!" ಎಂಬ ಕೂಗಿಗೆ ಗಂಡಸರೆಲ್ಲ ಬೆಚ್ಚಿ ತಿರುಗಿದರು. "ಅಲ್ಲಿ ಏನು ನಿನ್ನ ಅಜ್ಜನ ಗಂಟು ಹುಡುಕ್ತಿದೀಯ? ಎಡಗಡೆ ಬಾ! ನಿನ್ನ ಎಡಗಡೆ ಕಣೋ, ಕೆನೆ ಕದಿಯೋ ಕೈಯಿದೆಯಲ್ಲ, ಆ ಕಡೆ! ಆ ಕಪ್ಪು ಬಂಡೆ ಬುಡಕ್ಕೆ. ಇನ್ನೂ ಕೆಳಗೆ. ಹೆಂಗಸಿನ ಹಾಗೆ ತೋಡು, ಗಂಡಸಿನ ಹಾಗೆ ಕೆರೀಬೇಡ!"

ಹೆಂಗಸರು ಗಡಿ ದಾಟಬಾರದೆಂದು ಲಾಮಾ ಹೇಳಿದ್ದ. ಬೈಗುಳದ ಬಗ್ಗೆ ಏನೂ ಹೇಳಿರಲಿಲ್ಲ.

ಜುಂದುಯಿ ತಲೆ ಎತ್ತಲಿಲ್ಲ. ಕಪ್ಪು ಬಂಡೆಯ ಬುಡಕ್ಕೆ ಸರಿದ, ಮೊಣಕೈವರೆಗೆ ಕೈ ಇಳಿಸಿದ. ನೀರು ಕಣ್ಣು ಬಿಟ್ಟಿತು. ಗಂಡಸರು ಹೋ ಎಂದರು. ಜುಂದುಯಿ ಮೊದಲ ಬೊಗಸೆ ತುಂಬಿಕೊಂಡು, ಮೊದಲ ಸಲ ಅವಳ ಕಡೆ ತಿರುಗಿದ. ಅರೆಗಳಿಗೆ ಆ ಬೊಗಸೆ ಹಿಡಿದು ಹಾಗೇ ನಿಂತ. ಆಮೇಲೆ ಅವಳ ಕಣ್ಣೆದುರಿಗೇ ಕುಡಿದು, ಬಾಯಿ ಒರೆಸಿಕೊಂಡ.

ದೆಜಿದ್ಮಾ ನೆಲಕ್ಕೆ ಉಗಿದಳು.

ಎಲ್ಲರೂ ಹೋದ ಮೇಲೂ ಅವಳು ಹೋಗಲಿಲ್ಲ. ಒಂಟೆಯಿಂದಿಳಿದು ಬಿಳಿ ಕಲ್ಲಿಗೆ ಕಾಲು ತಾಗುವಷ್ಟು ಹತ್ತಿರ ಕೂತಳು. ಬಾಯಿ ಒಣಗಿತ್ತು, ನೀರಿನ ಸದ್ದು ಕೇಳುತ್ತಿತ್ತು. ಕಾಡುಕತ್ತೆಗಳು ದಿಣ್ಣೆ ಇಳಿದು ಬಂದವು, ಅವಳನ್ನು ಕಂಡು ನಿಂತವು, ಮತ್ತೆ ಇಳಿದವು. ಗಂಡು ಕತ್ತೆ ಹಿಂದೆ ನಿಂತು ಕಾವಲು ಕಾಯುತ್ತಿತ್ತು. ಎಲ್ಲಕ್ಕಿಂತ ಮುಂದೆ ಬಿಳಿ ಕಲ್ಲನ್ನು ದಾಟಿ, ಓವೋದ ಕಂಬದ ಪಕ್ಕದಲ್ಲೇ ಹಾದು ನೀರಿಗೆ ಬಾಯಿಟ್ಟದ್ದು ಒಂದು ಹೆಣ್ಣು, ಅದರ ಹಿಂದೆ ಹೋದ ಬೇಸಿಗೆ ಉಳಿದುಕೊಂಡ ಮರಿ.

"ಕುಡಿಯೇ ರಂಡೆ, ಚೆನ್ನಾಗಿ ಕುಡಿ," ಎಂದಳು ದೆಜಿದ್ಮಾ. ಕಣ್ಣು ಒರೆಸಿಕೊಂಡು ಒಂಟೆ ಹತ್ತಿದಳು. ಬಾವಿಯಲ್ಲಿ ಇನ್ನೂ ನೀರು ಸೇದುವುದಿತ್ತು.